ರಾಜಧಾನಿ ಕುಸಿಯುತ್ತಿದ್ದಾಗ ಹಳ್ಳಿ ಕಟ್ಟಿದ ಇಗರ್ಜಿ: ತಳಾವಲಿಯ ಸಾಂತಾನ



ಗೋವೆಯ ಚರ್ಚುಗಳ ಬಗ್ಗೆ ಮಾತಾಡುತ್ತೇನೆಂದು ಹೇಳಿದಾಗ, ಬೊಮ್ ಜೆಸುಸ್ ಬೆಸಿಲಿಕಾ, ಸೆ ಕೆಥೆಡ್ರಲ್, ಸಂತ ಫ್ರಾನ್ಸಿಸ್ ಝೇವಿಯರರ ಶರೀರ ಇವುಗಳ ಕಥೆಯನ್ನೇ ನೀವು ನಿರೀಕ್ಷಿಸಿರಬಹುದು. ಹಳೆಯ ಗೋವೆಗೆ ಬಸ್ಸು ಮಾಡಿಕೊಂಡು ಹೋಗಿ ಬಂದವರು ಈ ಸಭೆಯಲ್ಲಿ ಬಹಳ ಮಂದಿ ಇರಬೇಕು. ನಾನು ನಿಮ್ಮನ್ನು ಕರೆದೊಯ್ಯಬೇಕೆಂದಿರುವುದು ಅಲ್ಲಿಂದ ದೂರವಿಲ್ಲದ, ಆದರೆ ಪ್ರವಾಸಿ ಬಸ್ಸುಗಳು ಸಾಮಾನ್ಯವಾಗಿ ನಿಲ್ಲದ ಒಂದು ಹಳ್ಳಿಗೆ. ಅದರ ಹೆಸರು ತಳಾವಲಿ. ತಿಸ್ವಾಡಿ ತಾಲೂಕಿನ ದಕ್ಷಿಣ ಭಾಗದಲ್ಲಿ, ಗೋವಾ ವೆಲ್ಹಾಕ್ಕೆ ಹತ್ತಿರ, ಗುಡ್ಡ ಮತ್ತು ಗದ್ದೆಗಳ ನಡುವೆ ಇರುವ ಊರು. ಫೋಂಡಾ ಕಡೆಯಲ್ಲಿ ಇದೇ ಹೆಸರಿನ ಇನ್ನೊಂದು ಊರಿರುವುದರಿಂದ ಇದನ್ನು ಸಾಂತಾನ ತಳಾವಲಿ ಎಂದು ಕರೆಯುವುದು ರೂಢಿ. ಇಲ್ಲಿನ ಇಗರ್ಜಿ, ಅಂದರೆ ಚರ್ಚು, ಯೇಸುವಿನ ತಾಯಿ ಮರಿಯಮ್ಮನ ತಾಯಿಯಾದ ಸಂತ ಅನ್ನಮ್ಮನದು; ಸಾಂತಾನ ಎಂದರೆ ಆಕೆಯೇ.

ಗೋವಾ ವೆಲ್ಹಾ ಬೇರೆ, ಹಳೆಯ ಗೋವೆ ಬೇರೆ. ಚರ್ಚುಗಳಿರುವ ಹಳೆಯ ಗೋವೆ ಮಾಂಡವಿ ನದಿಯ ದಂಡೆಯದು. ಗೋವಾ ವೆಲ್ಹಾ ಜುವಾರಿ ನದಿಯ ಕಡೆಯದು. ಅದೇ ನಮ್ಮ ಶಾಸನಗಳಲ್ಲಿ ಬರುವ ಗೋಪಕಪಟ್ಟಣ, ಗೋವೆಯ ಕದಂಬರು ಚಂದ್ರಪುರವನ್ನು ಬಿಟ್ಟು ಬಂದು ಆಳಿದ ಬಂದರು ನಗರ. ಅಂದರೆ ತಳಾವಲಿಯ ಗದ್ದೆಗಳಿಗೆ ಪೋರ್ಚುಗೀಸರಿಗಿಂತ ಎಷ್ಟೋ ಹಿಂದಿನ ನೆನಪುಗಳಿವೆ. ಕರ್ನಾಟಕದ ಚರಿತ್ರೆಯನ್ನು ಓದಿದವರಿಗೆ ಇದು ಹೊರನಾಡಲ್ಲ.

ಈ ಹಳ್ಳಿಯ ಇಗರ್ಜಿಯನ್ನು ನಾನು ಆರಿಸಿಕೊಂಡ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಇದರ ಕೆಲಸ ಆರಂಭವಾದದ್ದು 1681ರ ಸುಮಾರಿಗೆ, ಮುಗಿದದ್ದು 1695ರಲ್ಲಿ. ಪೋರ್ಚುಗೀಸರ ಪೂರ್ವದೇಶದ ಸಾಮ್ರಾಜ್ಯ ಆಗ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಡಚ್ಚರು 1641ರಲ್ಲಿ ಮಲಾಕ್ಕಾ, 1656ರಲ್ಲಿ ಕೊಲಂಬೊ, 1663ರಲ್ಲಿ ಕೊಚ್ಚಿಯನ್ನು ಕಿತ್ತುಕೊಂಡಿದ್ದರು. ರೋಗರುಜಿನಗಳಿಂದ ರಾಜಧಾನಿ ಗೋವಾ ನಗರ, ಅಂದರೆ ಇಂದಿನ ಹಳೆಯ ಗೋವೆ, ಖಾಲಿಯಾಗುತ್ತಿತ್ತು. ಅಂಥ ಹೊತ್ತಿನಲ್ಲಿ, ನಗರದ ಹೊರಗಿನ ಒಂದು ಹಳ್ಳಿ ಗೋವೆಯ ಅತ್ಯುತ್ತಮ ಕಟ್ಟಡಗಳಲ್ಲಿ ಒಂದನ್ನು ಎಬ್ಬಿಸಿತು. ವಸಾಹತು ವಾಸ್ತುಶಿಲ್ಪ ಎಂದು ನಾವು ಸುಲಭವಾಗಿ ಹೆಸರಿಟ್ಟು ಪಕ್ಕಕ್ಕಿಡುವ ಕಟ್ಟಡಗಳಲ್ಲಿ ಕೆಲವನ್ನಾದರೂ ಊರವರ ಕಟ್ಟಡಗಳೆಂದು ಓದಬೇಕಾಗುತ್ತದೆ ಎಂಬುದು ನನ್ನ ವಾದ. ಸಾಂತಾನ ಅದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಸಾಕ್ಷಿ.

ಆದರೆ ಊರವರದು ಎಂದ ಕೂಡಲೇ ಎಲ್ಲವೂ ಸೌಮ್ಯವಾಗಿತ್ತು ಎಂದುಕೊಳ್ಳಬಾರದು. ಪೋರ್ಚುಗೀಸರ ಅಲ್ಬುಕರ್ಕ್ 1510ರ ನವೆಂಬರಿನಲ್ಲಿ ಗೋವೆಯನ್ನು ಗೆದ್ದ. ಮೊದಲ ಮೂರು ದಶಕ ಹಳ್ಳಿಗಳ ವ್ಯವಹಾರವನ್ನು ಹೆಚ್ಚು ಕೆದಕಲಿಲ್ಲ. 1526ರಲ್ಲಿ ಪೋರ್ಚುಗೀಸ್ ಅಧಿಕಾರಿ ಅಫೊನ್ಸೊ ಮೆಶಿಯಾ ಊರುಗಳ ಕಟ್ಟುಕಟ್ಟಳೆಗಳನ್ನು ಬರೆಸಿ ಸನದು ಮಾಡಿದ. ಆ ಸನದಿನ ತಿರುಳು ಗಾಂವಕರಿ. ಊರಿನ ಮೂಲ ಕುಟುಂಬಗಳ ಗಂಡಸರು ಕೂಡಿ ಊರಿನ ಗದ್ದೆ, ತೋಟ, ಗಜನಿ ಭೂಮಿ, ಕೆರೆಕಟ್ಟೆಗಳನ್ನು ಒಟ್ಟಾಗಿ ಹಿಡಿದುಕೊಂಡು, ಗೇಣಿಗೆ ಕೊಟ್ಟು, ಸರಕಾರದ ಕಂದಾಯ ಕಟ್ಟಿ, ದೇವಸ್ಥಾನದ ಖರ್ಚು ನೋಡಿ, ಉಳಿದದ್ದನ್ನು ಹಂಚಿಕೊಳ್ಳುವ ಏರ್ಪಾಡು ಅದು. ಪೋರ್ಚುಗೀಸರು ಅದನ್ನು ಕೊಮುನಿದಾದ್ ಎಂದು ಕರೆದರು. 1540ರ ಸುಮಾರಿಗೆ ತಿಸ್ವಾಡಿಯ ದೇವಸ್ಥಾನಗಳನ್ನು ಕೆಡವಲಾಯಿತು. 1541ರಲ್ಲಿ ಅವುಗಳ ಉಂಬಳಿ ಭೂಮಿಯ ಆದಾಯವನ್ನು ಇಗರ್ಜಿಗಳಿಗೆ ಬರೆಸಿಕೊಳ್ಳಲಾಯಿತು. ಜುವಾರಿಯ ಆಚೆ ಸಾಷ್ಟಿಯಲ್ಲಿ ಇದೇ ಕಥೆ ಎರಡು ದಶಕದ ನಂತರ ನಡೆಯಿತು. ಕುಶಸ್ಥಳಿಯ ಮಂಗೇಶ, ವೆರ್ಣೆಯ ಮಹಾಲಸಾ, ಕೆಳೋಶಿಯ ಶಾಂತಾದುರ್ಗೆ ಹೊಳೆ ದಾಟಿ ಫೋಂಡಾ ಸೀಮೆಗೆ ಹೋದದ್ದು ಆಗ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಕುಲದೇವತೆಗಳ ಪ್ರಯಾಣ ಅದು. ನಿಮಗೆ ನಾನು ಹೆಚ್ಚು ವಿವರಿಸಬೇಕಿಲ್ಲ.

ಹಾಗಾಗಿ ಗೋವೆಯ ಹಳ್ಳಿಯ ಇಗರ್ಜಿಯ ತಳಪಾಯದಲ್ಲಿ ಬಲಾತ್ಕಾರ ಇದೆ. ಅದನ್ನು ಮುಚ್ಚಿಟ್ಟು ಕಮಾನಿನ ಚೆಲುವನ್ನು ವರ್ಣಿಸಲು ನನಗೆ ಮನಸ್ಸಿಲ್ಲ. ಅದೇ ಹೊತ್ತಿಗೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ದೇವರು ಬದಲಾದರೂ ಗಾಂವಕರಿ ಬದಲಾಗಲಿಲ್ಲ. ಅದೇ ಕುಟುಂಬಗಳು, ಅದೇ ಗದ್ದೆಗಳು, ಮೊದಲು ದೇವಸ್ಥಾನದ ಜಾತ್ರೆಯನ್ನು ನಡೆಸಿದವರೇ ಆಮೇಲೆ ಇಗರ್ಜಿಯ ಫೆಸ್ತನ್ನು ನಡೆಸಿದರು. ಬಾಮಣರು, ಚಾರಡಿಗಳು, ಸುದಿರರು ಎಂಬ ಜಾತಿಭೇದವೂ ಹೊಸ ಧರ್ಮದೊಳಕ್ಕೆ ಬಂದು ಕುಳಿತಿತು. ಯಾವ ಭ್ರಾತೃಸಂಘದವರು ಯಾವ ಹಬ್ಬ ಮಾಡಬೇಕು, ಮೆರವಣಿಗೆಯಲ್ಲಿ ಯಾರ ಮೇಲಂಗಿ ಯಾವ ಬಣ್ಣದ್ದಿರಬೇಕು ಎಂದು ಹಳ್ಳಿಗಳು ಶತಮಾನಗಟ್ಟಲೆ ಜಗಳವಾಡಿದವು. ಇಗರ್ಜಿಯ ಪೀಠ, ಗಂಟೆ, ಸುಣ್ಣ, ಎಣ್ಣೆ ಎಲ್ಲದಕ್ಕೂ ಹಣ ಬರುತ್ತಿದ್ದುದು ಇದೇ ಗದ್ದೆಗಳಿಂದ. ಲಿಸ್ಬನ್ನಿನ ಖಜಾನೆ ಹಳ್ಳಿಯ ಇಗರ್ಜಿಗೆ ದುಡ್ಡು ಸುರಿಯುತ್ತಿತ್ತೆಂದು ಭಾವಿಸುವವರು ಗಾಂವಕರಿಯ ಲೆಕ್ಕಪುಸ್ತಕಗಳ ಕಡೆ ಒಮ್ಮೆ ಕಣ್ಣುಹಾಯಿಸಬೇಕು.

ಈಗ 1681ಕ್ಕೆ ಬರೋಣ. ಕೆಲಸ ಹಿಡಿಸಿದವನು ಫ್ರಾನ್ಸಿಸ್ಕೊ ದೊ ರೆಗೊ, ಗೋವೆಯವನೇ ಆದ ಪಾದ್ರಿ. ಮುಗಿಸಿದವನು ಅಂತೋನಿಯೊ ಫ್ರಾನ್ಸಿಸ್ಕೊ ದ ಕುನ್ಯಾ. ಊರಲ್ಲಿ ಒಂದು ಐತಿಹ್ಯ ಇದೆ: ತಲೆಗೆ ಟೊಪ್ಪಿ ಇಟ್ಟುಕೊಂಡು, ಕೈಯಲ್ಲಿ ಕೋಲು ಹಿಡಿದು ಗುಡ್ಡ ಇಳಿದು ಬಂದ ಮುದುಕಿಯೊಬ್ಬಳು, ತನಗೆ ಇಲ್ಲೇ ಮನೆ ಬೇಕು ಎಂದಳಂತೆ, ಹೆಸರು ಕೇಳಿದರೆ ಆನಾ ಎಂದಳಂತೆ. ದೇವತೆ ಮುದುಕಿಯ ವೇಷದಲ್ಲಿ ಬಂದು ಜಾಗ ಕೇಳುವ ಕಥೆ ನಮ್ಮ ಊರುಗಳಲ್ಲೂ ಇರುವುದರಿಂದ ಅದರ ಬಗ್ಗೆ ಇಷ್ಟು ಸಾಕು.

ರೆಗೊನಂಥ ಸ್ಥಳೀಯ ಪಾದ್ರಿಗಳ ಸ್ಥಿತಿಯನ್ನು ತಿಳಿಯದೆ ಈ ಕಟ್ಟಡದ ಗತ್ತು ಅರ್ಥವಾಗುವುದಿಲ್ಲ. ಜೆಸುಯಿಟ್, ಫ್ರಾನ್ಸಿಸ್ಕನ್, ಅಗಸ್ಟಿನಿಯನ್ ಮುಂತಾದ ಸಂನ್ಯಾಸ ಸಂಘಗಳು ಗೋವೆಯ ಮಕ್ಕಳನ್ನು ಸಾಮಾನ್ಯವಾಗಿ ಒಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಬಾರ್ದೇಶ ತಾಲೂಕಿನ ಇಗರ್ಜಿಗಳು ಫ್ರಾನ್ಸಿಸ್ಕನ್ನರ ಹಿಡಿತದಲ್ಲಿ, ಸಾಷ್ಟಿಯವು ಜೆಸುಯಿಟರ ಹಿಡಿತದಲ್ಲಿದ್ದವು. ಲ್ಯಾಟಿನ್ ಓದಿ, ದೈವಶಾಸ್ತ್ರ ಕಲಿತು, ಗುರುದೀಕ್ಷೆ ಪಡೆದ ಸ್ಥಳೀಯರಿಗೆ ಬಹಳ ಸಲ ಸಿಗುತ್ತಿದ್ದುದು ಸಹಾಯಕನ ಕೆಲಸ. 1680ರ ದಶಕದಲ್ಲಿ ಈ ಅಸಮಾಧಾನ ಮೈತಳೆಯಿತು. ಗೋವೆಯ ಕೆಲವು ಪಾದ್ರಿಗಳು ತಮ್ಮದೇ ಆದ ಒರಟೊರಿ ಎಂಬ ಸಂಘವನ್ನು ಕಟ್ಟಿಕೊಂಡರು. ಗೋವೆಯ ಪಾದ್ರಿ ಜೋಸೆಫ್ ವಾಜ್ 1685ರಲ್ಲಿ ಅದನ್ನು ಸೇರಿ ಮುಖ್ಯಸ್ಥರಾದರು. ಇದೇ ತಳಾವಲಿಯಲ್ಲಿ ಹುಟ್ಟಿದ ಅಂತೋನಿಯೊ ಜುವಾಂವ್ ದಿ ಫ್ರಿಯಾಸ್ ಎಂಬ ಪಾದ್ರಿ 1702ರಲ್ಲಿ ಲಿಸ್ಬನ್ನಿನಲ್ಲಿ 'ಔರೆಯೊಲಾ ದೊಸ್ ಇಂದಿಯೊಸ್' ಎಂಬ ಪುಸ್ತಕವನ್ನು ಅಚ್ಚುಹಾಕಿಸಿ, ಗೋವೆಯ ಬ್ರಾಹ್ಮಣ ಕ್ರೈಸ್ತರ ಕುಲಗೌರವಕ್ಕಾಗಿ ವಾದ ಹೂಡಿದ. ಅದಕ್ಕೆ ಎದುರಾಗಿ ಲಿಯೊನಾರ್ದೊ ಪಾಯಿಸ್ 1713ರಲ್ಲಿ ಚಾರಡಿಗಳ ಪರವಾಗಿ ಬರೆದ. ಇಬ್ಬರ ವಾದದಲ್ಲೂ ಜಾತಿಯ ಹೆಮ್ಮೆ ತುಂಬಿ ತುಳುಕುತ್ತದೆ, ಅದನ್ನು ಮೆಚ್ಚಬೇಕಾಗಿಲ್ಲ. ಆದರೆ ನಾವು ಯಾರಿಗೂ ಕಡಿಮೆಯವರಲ್ಲ ಎಂದು ಪುಸ್ತಕದಲ್ಲಿ ಬರೆಯುವ ಮೊದಲೇ ಆ ಮಾತನ್ನು ಸುಣ್ಣ ಮತ್ತು ಕಲ್ಲಿನಲ್ಲಿ ಬರೆದಿಟ್ಟ ಊರು ತಳಾವಲಿ ಎಂದು ನನಗನ್ನಿಸುತ್ತದೆ.

ಇಗರ್ಜಿಯ ಕೆಲಸ ನಡೆದ ಹದಿನಾಲ್ಕು ವರ್ಷ ನೆಮ್ಮದಿಯವೇನೂ ಆಗಿರಲಿಲ್ಲ. ಗೋಡೆ ಏಳುತ್ತಿದ್ದ ಕಾಲದಲ್ಲೇ, 1683ರ ನವೆಂಬರಿನಲ್ಲಿ ಮರಾಠ ದೊರೆ ಸಂಭಾಜಿಯ ಸೈನ್ಯ ಗೋವಾ ನಗರದ ಮಗ್ಗುಲಿನ ಸಾಂತ್ ಎಸ್ತೆವಾಂವ್ ದ್ವೀಪಕ್ಕೆ ನುಗ್ಗಿತು. ವೈಸರಾಯ್ ಕೋಂದೆ ದಿ ಆಲ್ವೊರ್ ದಿಕ್ಕುಗೆಟ್ಟು ತನ್ನ ಅಧಿಕಾರದಂಡವನ್ನು ಝೇವಿಯರರ ಶವಪೆಟ್ಟಿಗೆಯ ಬಳಿ ಇಟ್ಟು ಊರನ್ನು ನೀವೇ ಕಾಯಿರಿ ಎಂದು ಬೇಡಿಕೊಂಡ. ಮೊಗಲ ಸೈನ್ಯ ಬೆನ್ನ ಹಿಂದೆ ಬಂತೆಂಬ ಸುದ್ದಿಗೆ ಮರಾಠರು 1684ರ ಆರಂಭದಲ್ಲಿ ಹಿಂದೆ ಸರಿದರು. ಅದೇ ವರ್ಷ ಜೂನಿನಲ್ಲಿ ಅದೇ ವೈಸರಾಯ್ ಇನ್ನೊಂದು ಆಜ್ಞೆ ಹೊರಡಿಸಿದ: ಮೂರು ವರ್ಷದೊಳಗೆ ಜನ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸಿನಲ್ಲೇ ಮಾತಾಡಬೇಕು. ಮೂರು ವರ್ಷವಲ್ಲ, ಮುನ್ನೂರು ವರ್ಷ ಕಳೆದರೂ ಅದು ಆಗಲಿಲ್ಲ. ರಾಜಧಾನಿಯನ್ನೇ ಮುರ್ಮುಗೋವಾಕ್ಕೆ ಎತ್ತಿಕೊಂಡು ಹೋಗುವ ಏರ್ಪಾಡೂ ಆಗ ಶುರುವಾಗಿ, ನಗರದ ಕಟ್ಟಡಗಳ ಕಲ್ಲನ್ನು ಕಿತ್ತು ಅಲ್ಲಿಗೆ ಸಾಗಿಸಿದರು. ಒಂದು ಕಡೆ ಸರಕಾರ ತನ್ನ ಊರನ್ನು ತಾನೇ ಕಳಚುತ್ತಿದೆ. ಇನ್ನೊಂದು ಕಡೆ, ಹೆಚ್ಚು ದೂರವಿಲ್ಲದ ಹಳ್ಳಿಯಲ್ಲಿ ಗೋಡೆಯ ಮೇಲೆ ಗೋಡೆ ಏಳುತ್ತಿದೆ.

ನಮ್ಮ ಕರಾವಳಿಗೂ ಇದಕ್ಕೂ ಒಂದು ನಂಟು ಇದೆ. 1678ರಲ್ಲಿ ಕೆಳದಿಯ ಚೆನ್ನಮ್ಮಾಜಿ ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಕಲ್ಯಾಣಪುರ ಮೊದಲಾದ ಕಡೆ ಇಗರ್ಜಿ ಕಟ್ಟಿಕೊಳ್ಳಲು ಅನುಮತಿ ಸಿಕ್ಕಿತು. ತಳಾವಲಿಯಲ್ಲಿ ಕೆಲಸ ಆರಂಭವಾದ 1681ರಲ್ಲೇ ಜೋಸೆಫ್ ವಾಜ್ ಕೆನರಾಕ್ಕೆ ಬಂದರು. 1684ರವರೆಗೆ ಮಂಗಳೂರು, ಬಸ್ರೂರು, ಗಂಗೊಳ್ಳಿಗಳಲ್ಲಿ ಓಡಾಡಿದರು. ಅವರು ಇಲ್ಲಿ ಎದುರಿಸಿದ ದೊಡ್ಡ ತಲೆನೋವು, ರೋಮ್ ನೇಮಿಸಿದ್ದ ಧರ್ಮಾಧ್ಯಕ್ಷ ತೋಮಸ್ ದಿ ಕಾಸ್ತ್ರೊಗೂ ಗೋವೆಯ ಆರ್ಚ್‌ಬಿಷಪ್ಪರಿಗೂ ಇದ್ದ ಅಧಿಕಾರದ ತಿಕ್ಕಾಟ. ಕಾಸ್ತ್ರೊ ಕೂಡ ಗೋವೆಯವನೇ. 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ವಾಜರನ್ನು ಸಂತರೆಂದು ಘೋಷಿಸಿದರು. ನಂಟು ಅಕ್ಕಿಯದೂ ಹೌದು: ಆ ಕಾಲದ ಗೋವೆ ಊಟಕ್ಕೆ ನೆಚ್ಚಿಕೊಂಡಿದ್ದುದು ಬಸ್ರೂರು, ಮಂಗಳೂರುಗಳಿಂದ ಹಡಗಿನಲ್ಲಿ ಬರುತ್ತಿದ್ದ ಅಕ್ಕಿಯನ್ನು.

ಇನ್ನು ಕಟ್ಟಡಕ್ಕೆ ಹೋಗೋಣ. ಎದುರಿಗೆ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಮುಂಗೋಡೆ. ಬಿಳಿ. ಎರಡು ಕಡೆ ಚೌಕಾಕಾರದ ಎರಡು ಗೋಪುರಗಳು, ನಡುವೆ ಬಾಗಿಲು, ಅದರ ಮೇಲೆ ಅಂತಸ್ತಿನ ಮೇಲೆ ಅಂತಸ್ತಾಗಿ ಏರುವ ಕಿಟಕಿಗಳ ಸಾಲು, ಪ್ರತಿ ಅಂತಸ್ತನ್ನೂ ಬೇರ್ಪಡಿಸುವ ದಪ್ಪ ಪಟ್ಟಿಕೆಗಳು, ಅವನ್ನು ಕತ್ತರಿಸಿಕೊಂಡು ಮೇಲೇರುವ ಗೋಡೆಗಂಬಗಳು. ಕಿಟಕಿಗಳ ನೆತ್ತಿಯ ಮೇಲೂ ಗೂಡುಗಳೊಳಗೂ ಬೀಸಣಿಗೆಯಂತೆ ಬಿಚ್ಚಿಕೊಂಡ ಸಮುದ್ರದ ಚಿಪ್ಪುಗಳು. ಯುರೋಪಿನ ಪುನರುಜ್ಜೀವನ ಕಾಲದ ವಾಸ್ತುಗ್ರಂಥಗಳಲ್ಲಿ, ಮುಖ್ಯವಾಗಿ ಇಟಲಿಯ ಸೆರ್ಲಿಯೊನ ಪುಸ್ತಕಗಳಲ್ಲಿ, ಇಂಥ ಗೂಡು, ಕಂಬ, ಪಟ್ಟಿಕೆಗಳ ಚಿತ್ರಗಳಿದ್ದವು; ಅವು ಗೋವೆಗೂ ಬಂದವು. ಆದರೆ ಪುಸ್ತಕದಲ್ಲಿ ಒಂದು ಮೂಲೆಯಲ್ಲಿ ವಿನಯದಿಂದ ಕುಳಿತ ಚಿಪ್ಪು ಇಲ್ಲಿ ಗೋಡೆಯ ಮುಖ್ಯ ರಾಗವಾಗಿಬಿಟ್ಟಿದೆ. ಪುಸ್ತಕ ಎಷ್ಟು ಬೇಕೋ ಅಷ್ಟನ್ನು ಕೊಟ್ಟಿದೆ. ಉಳಿದದ್ದು ಮೇಸ್ತ್ರಿಯ ಕೈ.

ಈ ಮುಂಗೋಡೆಗೆ ಒಬ್ಬಳು ಅಕ್ಕ ಇದ್ದಳು: ಹಳೆಯ ಗೋವೆಯ ಗುಡ್ಡದ ಮೇಲೆ ಅಗಸ್ಟಿನಿಯನ್ನರು ಹದಿನಾರನೆಯ ಶತಮಾನದ ಕೊನೆಯಲ್ಲಿ ಕಟ್ಟಲು ಹಿಡಿದ ಗ್ರಾಸಾ ಇಗರ್ಜಿ. ಐದು ಅಂತಸ್ತಿನ ಮುಂಗೋಡೆ, ಎರಡು ಎತ್ತರದ ಗೋಪುರ. ಗೋವೆಯಲ್ಲಿ ಅದಕ್ಕೆ ಸಾಟಿ ಇರಲಿಲ್ಲ. ಈಗ ಅಲ್ಲಿ ಉಳಿದಿರುವುದು ಸುಮಾರು 46 ಮೀಟರ್ ಎತ್ತರದ ಒಂದು ಮುರಿದ ಗೋಪುರ. ನೀವೆಲ್ಲ ಅದರ ಮುಂದೆ ಫೋಟೊ ತೆಗೆಸಿಕೊಂಡಿರುತ್ತೀರಿ. ಗ್ರಾಸಾದ ಮುಂಗೋಡೆ ಹೇಗಿತ್ತು ಎಂದು ಇಂದು ಯಾರಾದರೂ ತಿಳಿಯಬೇಕಾದರೆ ತಳಾವಲಿಗೇ ಹೋಗಬೇಕು. ನಗರದ ದೊಡ್ಡ ಸಂಘದ ದೊಡ್ಡ ಕಟ್ಟಡದ ಅಳತೆಯನ್ನು ಹಳ್ಳಿಯವರು ಎದುರಿಗಿಟ್ಟುಕೊಂಡು, ಚಿಕ್ಕದಾಗಿ, ಆದರೆ ಒಂದು ಅಂತಸ್ತಿನ ಗೌರವವನ್ನೂ ಬಿಟ್ಟುಕೊಡದೆ ಕಟ್ಟಿದರು. ಇದನ್ನು ನಕಲು ಎನ್ನುವವರಿದ್ದಾರೆ. ನನಗೆ ಅದು ಸವಾಲಿನ ಹಾಗೆ ಕಾಣುತ್ತದೆ.

ಕಲ್ಲು ಯಾವುದು? ಉತ್ತರ ಕನ್ನಡದವರು ಚಿರೇಕಲ್ಲು, ದಕ್ಷಿಣದವರು ಮುರಕಲ್ಲು ಎನ್ನುವ ಅದೇ ಕೆಂಪು ಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಬಿಸಿಲಿಗೆ ಗಟ್ಟಿಯಾಗುವ ಕಲ್ಲು. ಅದರ ಮೈ ತುಂಬ ತೂತು. ಬೇಲೂರು ಹಳೇಬೀಡಿನ ಬಳಪದ ಕಲ್ಲಿನಲ್ಲಿ ಮಾಡುವ ಕುಸುರಿ ಇದರಲ್ಲಿ ಸಾಧ್ಯವಿಲ್ಲ. ಉಳಿ ಇಟ್ಟರೆ ಹರಳು ಹರಳಾಗಿ ಉದುರುತ್ತದೆ. ನಗರದ ಶ್ರೀಮಂತ ಇಗರ್ಜಿಗಳು ಕೆತ್ತನೆಗೆಂದು ವಸಯಿಯ ಕಡೆಯಿಂದ ಕರಿಗಲ್ಲನ್ನು ಹಡಗಿನಲ್ಲಿ ತರಿಸುತ್ತಿದ್ದವು. ಹಳ್ಳಿಗೆ ಅದು ನಿಲುಕದ ಖರ್ಚು. ಆದ್ದರಿಂದ ಸಾಂತಾನದ ಶೃಂಗಾರವೆಲ್ಲ ಗಾರೆಯಲ್ಲಿ. ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವನ್ನು ಅರೆದು, ಕೆಂಪು ಕಲ್ಲಿನ ಒರಟು ಮೈಮೇಲೆ ಪದರ ಪದರವಾಗಿ ಏರಿಸಿ, ಒದ್ದೆ ಇರುವಾಗಲೇ ಕರಣೆಯಿಂದ ಪಟ್ಟಿಕೆ, ಬಳ್ಳಿ, ಚಿಪ್ಪುಗಳನ್ನು ಎಬ್ಬಿಸುವುದು. ಈ ಕೆಲಸದಲ್ಲಿ ಅಂಚು ಚೂಪಾಗಿರುವುದಿಲ್ಲ, ಎಲ್ಲವೂ ಸ್ವಲ್ಪ ದುಂಡಗೆ, ಸ್ವಲ್ಪ ಉಬ್ಬಿದಂತೆ ಇರುತ್ತದೆ. ಸಾಂತಾನದ ಮುಂಗೋಡೆಯ ಮೇಲೆ ಸಂಜೆಯ ಬಿಸಿಲು ಬಿದ್ದಾಗ ನೆರಳುಗಳು ಮೃದುವಾಗಿ ಕಾಣುವುದು ಈ ಕಾರಣದಿಂದ. ಬಡತನದಿಂದ ಹುಟ್ಟಿದ ತಂತ್ರ ಒಂದು ಶೈಲಿಯೇ ಆದದ್ದನ್ನು ಇಲ್ಲಿ ನೋಡಬಹುದು.

ಸುಣ್ಣದ ಮೇಲು ಹೊದಿಕೆ ಬರಿಯ ಅಲಂಕಾರಕ್ಕಲ್ಲ ಎಂಬುದಕ್ಕೆ ಬೊಮ್ ಜೆಸುಸ್ ಬೆಸಿಲಿಕಾವೇ ಉದಾಹರಣೆ. ಅದರ ಕೆಂಪು ಗೋಡೆಯನ್ನು ಕಂಡು ಎಷ್ಟು ಪ್ರಾಚೀನ ಎಂದು ಉದ್ಗರಿಸುತ್ತೇವೆ. ಅದು ಪ್ರಾಚೀನವಲ್ಲ. 1950ರ ದಶಕದಲ್ಲಿ ಬಾಲ್ತಜಾರ್ ಕಾಸ್ತ್ರೊ ಎಂಬ ಪೋರ್ಚುಗೀಸ್ ವಾಸ್ತುಶಿಲ್ಪಿ ಕಲ್ಲಿನ ನಿಜರೂಪ ಕಾಣಲಿ ಎಂದು ಹೊರಗಿನ ಗಾರೆಯನ್ನು ಕೆರೆಸಿ ಹಾಕಿದ. ಕಟ್ಟಿದವರು ಯಾರೂ ಆ ಕಲ್ಲನ್ನು ಮಳೆಗೆ ಬಿಚ್ಚಿಡಲು ಬಯಸಿರಲಿಲ್ಲ. ತೂತುಗಳಿಂದ ನೀರು ಇಳಿದು ಗೋಡೆ ಸವೆಯುತ್ತಿದೆ ಎಂಬ ಆತಂಕ ಇವತ್ತಿನದು. ಮಳೆಗಾಲ ಮುಗಿದ ಮೇಲೆ ಕಪ್ಪುಗಟ್ಟಿದ ಗೋಡೆಗೆ ಮತ್ತೆ ಸುಣ್ಣ ಬಳಿಯುವುದು ಹಳ್ಳಿಯ ಇಗರ್ಜಿಗಳಲ್ಲಿ ತಲೆಮಾರುಗಳಿಂದ ಬಂದ ವಾರ್ಷಿಕ ಕೆಲಸ. ಪುರಾತನವಾಗಿ ಕಾಣಿಸಬೇಕೆಂಬ ಹಂಬಲ ಹಳ್ಳಿಯವರಿಗಿರಲಿಲ್ಲ. ಹೊಸದಾಗಿ, ಬೆಳ್ಳಗೆ, ದೂರದ ದೋಣಿಗೂ ಕಾಣುವಂತೆ ಇರಬೇಕಿತ್ತು.

ಒಳಗೆ ಕಾಲಿಟ್ಟರೆ ಎತ್ತರದ ಕಮಾನು ಚಾವಣಿ. ನಮ್ಮ ದೇವಾಲಯದಲ್ಲಿ ದೇವರಿಗೆ ಮನೆ, ಭಕ್ತರಿಗೆ ಅಂಗಳ. ಇಗರ್ಜಿಯಲ್ಲಿ ಇಡೀ ಊರು ಒಂದೇ ಹೊತ್ತಿಗೆ ಒಳಗೆ ಕುಳಿತು ಬಲಿಪೂಜೆ ನೋಡಬೇಕು, ಪ್ರಸಂಗ ಕೇಳಬೇಕು. ಕೆಥೊಲಿಕ್ ಧರ್ಮಸಭೆಯ ಟ್ರೆಂಟ್ ಮಹಾಸಭೆಯ ನಂತರ ಇದಕ್ಕೆ ಇನ್ನಷ್ಟು ಒತ್ತು ಬಂತು. ಪೀಠ ಎಲ್ಲರಿಗೂ ಕಾಣಬೇಕು, ಪ್ರಸಂಗಪೀಠದ ಮಾತು ಎಲ್ಲರಿಗೂ ಕೇಳಬೇಕು, ಪಾಪನಿವೇದನೆಗೆ ತಕ್ಕ ಜಾಗ ಬೇಕು. ಹೀಗಾಗಿ ನಡುವೆ ಕಂಬಗಳ ಅಡ್ಡಿ ಇಲ್ಲದ ಒಂದೇ ದೊಡ್ಡ ಅಂಕಣ ಗೋವೆಯ ಹಳ್ಳಿಗಳಲ್ಲಿ ರೂಢಿಗೆ ಬಂತು. ಕಂಬ ಇಲ್ಲದ ಮೇಲೆ ಚಾವಣಿಯ ಭಾರವೆಲ್ಲ ಎರಡು ಬದಿಯ ಗೋಡೆಗಳ ಮೇಲೆ. ಕಮಾನು ತನ್ನ ಭಾರವನ್ನು ಕೆಳಗೆ ಮಾತ್ರ ಒತ್ತುವುದಿಲ್ಲ, ಹೊರಕ್ಕೂ ದೂಡುತ್ತದೆ; ಗೋಡೆ ತೆಳುವಾದರೆ ಬಾಯಿಬಿಡುತ್ತದೆ. ಹಳ್ಳಿಯವರು ಬಹಳ ಕಡೆ ಈ ಅಪಾಯಕ್ಕೆ ಕೈಹಾಕದೆ ಮರದ ತೊಲೆ, ಹಂಚು ಹೊದಿಸಿ ಸುಮ್ಮನಾದರು. ತಳಾವಲಿಯವರು ಸುಮ್ಮನಾಗಲಿಲ್ಲ. ದಪ್ಪ ಗೋಡೆ ಎಬ್ಬಿಸಿದರು, ಆದರೆ ಅದನ್ನು ಗಟ್ಟಿ ಮುದ್ದೆಯಾಗಿ ಕಟ್ಟದೆ ಒಳಗೆ ಟೊಳ್ಳು ಬಿಟ್ಟರು. ಆ ಟೊಳ್ಳಿನಲ್ಲಿ ಮನುಷ್ಯ ನಡೆದುಹೋಗುವಷ್ಟು ದಾರಿ.

ಈ ದಾರಿಯೇ ಸಾಂತಾನದ ಬಗ್ಗೆ ಎಲ್ಲರೂ ಹೇಳುವ ಕಥೆ: ಪಾಪನಿವೇದನೆಗೆ ಬರುವವರು ಯಾರ ಕಣ್ಣಿಗೂ ಬೀಳದೆ ಗೋಡೆಯೊಳಗಿನಿಂದ ಬಂದು ಹೋಗುತ್ತಿದ್ದರು ಎಂದು. ಇರಬಹುದು; ಚಿಕ್ಕ ಊರಿನಲ್ಲಿ ಯಾರು ಎಷ್ಟು ಹೊತ್ತು ಮಂಡಿಯೂರಿದ್ದರು ಎಂಬುದೂ ಮಾತಾಗುತ್ತದೆ. ಆದರೆ ನನ್ನ ಕಣ್ಣಿಗೆ ಅದು ಮೊದಲು ಮೇಸ್ತ್ರಿಯ ಜಾಣತನ. ಎರಡು ಪದರದ ಗೋಡೆಗಳನ್ನು ಅಡ್ಡಗೋಡೆಗಳಿಂದ ಬೆಸೆದರೆ ಕಲ್ಲು ಉಳಿಯುತ್ತದೆ, ತಳಪಾಯಕ್ಕೆ ಭಾರ ಕಡಿಮೆ, ಕಮಾನಿನ ದೂಡುವಿಕೆಗೆ ಎದುರಾಗಿ ನಿಲ್ಲುವ ಅಗಲವೂ ಸಿಗುತ್ತದೆ. ಹೊರಗಿನ ಪದರ ಮಳೆಯಲ್ಲಿ ನೆನೆದರೂ ಒಳಗಿನದು ಒಣಗಿರುತ್ತದೆ. ಭಕ್ತಿಯ ಕಥೆ ಕಟ್ಟಡದ ತರ್ಕದ ಮೇಲೆ ಆಮೇಲೆ ಹಬ್ಬಿಕೊಂಡಿತೋ ಅಥವಾ ಎರಡೂ ಜೊತೆಯಲ್ಲೇ ಹುಟ್ಟಿದವೋ, ವಿದ್ಯಾರ್ಥಿಗಳು ಅಳತೆಪಟ್ಟಿ ಹಿಡಿದುಕೊಂಡು ಹೋಗಿ ವಾದಿಸಲಿ.

ಈ ಕಟ್ಟಡ ಉಳಿದದ್ದು ಹೇಗೆ ಎಂಬುದೂ ವಿಚಾರಿಸಬೇಕಾದ ಪ್ರಶ್ನೆ. 1835ರಲ್ಲಿ ಪೋರ್ಚುಗಲ್ಲಿನ ಉದಾರವಾದಿ ಸರಕಾರದ ಆಜ್ಞೆಯಂತೆ ಗೋವೆಯ ಸಂನ್ಯಾಸ ಸಂಘಗಳನ್ನು ಮುಚ್ಚಲಾಯಿತು. ಮಠಗಳು ಖಾಲಿಯಾದವು, ನೋಡುವವರಿಲ್ಲದೆ ಹೋದವು. ಗ್ರಾಸಾದ ಕಮಾನು ಚಾವಣಿ 1842ರಲ್ಲಿ ಕುಸಿಯಿತು. ಅದರ ದೊಡ್ಡ ಗಂಟೆ ಕೊನೆಗೆ 1871ರಲ್ಲಿ ಪಣಜಿಯ ಇಗರ್ಜಿಯ ನೆತ್ತಿಗೇರಿತು. ಮೆಟ್ಟಿಲುಗಳ ಮೇಲಿನ ಆ ಬಿಳಿ ಇಗರ್ಜಿಯ ಚಿತ್ರ ನೀವು ಕ್ಯಾಲೆಂಡರುಗಳಲ್ಲಿ ನೋಡಿದ್ದೀರಿ. 1931ರಲ್ಲಿ ಗ್ರಾಸಾದ ಮುಂಗೋಡೆಯೂ ಬಿತ್ತು. ರಾಜನ ಕೃಪೆ, ಸಂಘದ ಸಂಪತ್ತು ಎರಡೂ ಇದ್ದ ಅಕ್ಕ ಹೋದಳು, ಗದ್ದೆಯ ಗೇಣಿಯ ಮೇಲೆ ಬದುಕಿದ ತಂಗಿ ಉಳಿದಳು. ಇದು ದೈವೇಚ್ಛೆಯೇನಲ್ಲ. ಹಳ್ಳಿಯ ಇಗರ್ಜಿಗೆ ಫಾಬ್ರಿಕಾ ಎಂಬ ಆಡಳಿತ ಮಂಡಳಿ ಇತ್ತು, ಭ್ರಾತೃಸಂಘಗಳಿದ್ದವು, ಪ್ರತಿ ಭಾನುವಾರ ಚಾವಣಿಯ ಕೆಳಗೆ ಕೂರುವ ಜನ ಇದ್ದರು. ಸೋರಿದರೆ ಅವರ ತಲೆಯ ಮೇಲೆಯೇ ಸೋರುತ್ತಿತ್ತು.

ಇಗರ್ಜಿ ಕಟ್ಟಿದ ಮೇಸ್ತ್ರಿಗಳ ಕಸುಬನ್ನು ಹೊಳೆಯಾಚೆ ಫೋಂಡಾದ ದೇವಾಲಯಗಳಲ್ಲೂ ಗುರುತಿಸಬಹುದು. ಕವಳೆಯ ಶಾಂತಾದುರ್ಗೆಯ ದೇವಸ್ಥಾನವನ್ನು 1738ರ ಹೊತ್ತಿಗೆ ಶಾಹು ಮಹಾರಾಜರ ಮಂತ್ರಿ ನಾರೋ ರಾಮ್ ಕಟ್ಟಿಸಿದರು. ಅಲ್ಲಿನ ಗುಮ್ಮಟ, ಕಮಾನಿನ ಕಿಟಕಿ, ಗೋಡೆಗಂಬ, ಅಂತಸ್ತಿನ ಮೇಲೆ ಅಂತಸ್ತಾಗಿ ಏರುವ ಬಿಳಿಯ ದೀಪಸ್ತಂಭ ಇವನ್ನೆಲ್ಲ ನೋಡಿದ ಭಕ್ತರಲ್ಲಿ ಕೆಲವರಿಗೆ ಇದೇಕೆ ಚರ್ಚಿನ ಹಾಗಿದೆ ಎನ್ನಿಸಿರುತ್ತದೆ. ಪ್ರಶ್ನೆಯನ್ನು ತಿರುಗಿಸಿಯೂ ಕೇಳಬಹುದು. ಆ ಹೊತ್ತಿಗೆ ಗೋವೆಯ ಗಾರೆ ಕೆಲಸಕ್ಕೆ ಒಂದು ಸ್ವಂತ ನುಡಿಗಟ್ಟು ಬಂದಿತ್ತು. ಕೂಲಿ ಕೊಟ್ಟವರು ಯಾರ ಭಕ್ತರಾದರೂ ಮೇಸ್ತ್ರಿ ಅದರಲ್ಲೇ ಮಾತಾಡುತ್ತಿದ್ದ.

ವಿದ್ವಾಂಸರು ಗೋವೆಯ ಈ ನುಡಿಗಟ್ಟನ್ನು ತಡವಾಗಿ ಗಮನಿಸಿದರು. ಜೊಸೆ ಪೆರೇರಾ, 1931ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡವರು, ನ್ಯೂಯಾರ್ಕಿನ ಫೋರ್ಡಂ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರದ ಪ್ರಾಧ್ಯಾಪಕರು, ಸಂಸ್ಕೃತ ಬಲ್ಲವರು, ಕೊಂಕಣಿ ಮಾಂಡೊ ಹಾಡುಗಳ ಸಂಶೋಧಕರು, ಚಿತ್ರಕಾರರೂ ಹೌದು. ಭಾರತೀಯ ಬರೋಕ್ ಎಂಬ ಒಂದು ಶೈಲಿ ಇದೆಯೆಂದು ಸಾಧಿಸಿ, ಅದರ ಶ್ರೇಷ್ಠ ಕೃತಿಗಳ ಸಾಲಿನಲ್ಲಿ ಸಾಂತಾನವನ್ನು ಇರಿಸಿದರು. ಪೋರ್ಚುಗಲ್ಲಿನ ಪೌಲೊ ವರೆಲಾ ಗೋಮೆಸ್ 2011ರ ತಮ್ಮ ಗ್ರಂಥದಲ್ಲಿ ಇನ್ನೂ ಮುಂದೆ ಹೋದರು: ಗೋವೆಯ ಇಗರ್ಜಿಗಳನ್ನು ಪೋರ್ಚುಗೀಸ್ ಎನ್ನುವುದೂ ಸರಿಯಲ್ಲ, ಅರ್ಧ ಯುರೋಪ್ ಅರ್ಧ ಭಾರತ ಎಂದು ಬೆರಕೆಯ ಲೆಕ್ಕ ಹಾಕುವುದೂ ಸರಿಯಲ್ಲ, ಅವು ಗೋವೆಯವು ಎಂದು. ನಾನು ಗೋಮೆಸರ ಕಡೆಯವನು. ಬೆರಕೆ ಎಂಬ ಮಾತಿನಲ್ಲಿ ಒಂದು ಸೋಮಾರಿತನ ಇದೆ. ಕಟ್ಟಿದವನಿಗೆ ಒಂದು ಮನಸ್ಸು ಇತ್ತೆಂಬುದನ್ನು ಅದು ಮರೆಸುತ್ತದೆ.

ಊರ ಹಬ್ಬದ ಬಗ್ಗೆ ಒಂದೆರಡು ಮಾತು. ಜುಲೈ 26 ಅನ್ನಮ್ಮನ ದಿನ. ಫೆಸ್ತು ಬರುವುದು ಆ ಸುಮಾರಿನಲ್ಲಿ, ಸುರಿಯುವ ಮಳೆಯಲ್ಲಿ. ಸೌತೆಕಾಯಿ ಫೆಸ್ತು ಎಂದೇ ಅದಕ್ಕೆ ಹೆಸರು. ಕೊಂಕಣಿಯಲ್ಲಿ ತವಶಾಂಚೆಂ ಫೆಸ್ತ್. ಅನ್ನಮ್ಮ ಮತ್ತು ಆಕೆಯ ಗಂಡ ಯೊವಾಕಿಮ್ ಬಹುಕಾಲ ಮಕ್ಕಳಿಲ್ಲದೆ ಕೊರಗಿ ಇಳಿವಯಸ್ಸಿನಲ್ಲಿ ಮರಿಯಮ್ಮನನ್ನು ಪಡೆದವರು ಎಂಬುದು ಪರಂಪರೆಯ ಕಥೆ. ಮಕ್ಕಳಿಲ್ಲದ ದಂಪತಿಗಳು ಸೌತೆಕಾಯಿ ತಂದು ಒಪ್ಪಿಸಿ ಮಗು ಕೇಳುತ್ತಾರೆ. ಮದುವೆಯಾಗದವರ ಹರಕೆಗೂ ಬೇರೆ ಬೇರೆ ವಸ್ತುಗಳಿವೆ, ಗಂಡುಗಳದು ಚಮಚ, ಹೆಣ್ಣುಗಳದು ಉದ್ದು. ಬರುವವರಲ್ಲಿ ಹಿಂದೂಗಳೂ ಇರುತ್ತಾರೆ. ಮಳೆಗಾಲದ ಬೆಳೆಯನ್ನೇ ಹರಕೆಗೆ ಆರಿಸಿಕೊಂಡಿರುವುದರಲ್ಲಿ ರೈತರ ಲೆಕ್ಕಾಚಾರ ಕಾಣುತ್ತದೆ. ಟ್ರೆಂಟ್ ಮಹಾಸಭೆಯ ನಿಯಮಗಳಲ್ಲಿ ಸೌತೆಕಾಯಿ ಇಲ್ಲ, ಇಷ್ಟಂತೂ ನಿಶ್ಚಯ.

ಇಂಥ ಮುಂಗೋಡೆ ನಮ್ಮ ಕೆನರಾದಲ್ಲಿ ಏಕಿಲ್ಲ ಎಂದು ಕೇಳುವವರಿದ್ದೀರಿ. ಗೋವೆಯಿಂದ ಬಂದ ಕುಟುಂಬಗಳು ಇಲ್ಲಿ ನೆಲೆಸಿ ಇಗರ್ಜಿ ಕಟ್ಟಿದ್ದವು. ಅವು ಗೋವೆಯಷ್ಟು ಹಿರಿದಾಗಿರಲಿಲ್ಲ. ಗಾಂವಕರಿಯ ಬೆಂಬಲ ಇಲ್ಲಿರಲಿಲ್ಲ, ಪರರಾಜ್ಯದಲ್ಲಿ ಒಪ್ಪಂದದ ಮೇಲೆ ನಿಂತ ಬದುಕು ಅದು. 1784ರಲ್ಲಿ ಟಿಪ್ಪು ಇಲ್ಲಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಹೆಚ್ಚಿನ ಇಗರ್ಜಿಗಳನ್ನು ಕೆಡವಲಾಯಿತು. 1799ರ ನಂತರ ಮರಳಿದವರು ಮತ್ತೆ ಕಟ್ಟಿದರು, ಮೊದಲು ಸಣ್ಣದಾಗಿ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. 1878ರ ಕೊನೆಯ ದಿನ ಇಟಲಿಯ ಜೆಸುಯಿಟರು ಮಂಗಳೂರಿಗೆ ಬಂದಿಳಿದರು. ಪ್ರೊಟೆಸ್ಟೆಂಟರ ಹಂಚು ಕೆಥೊಲಿಕರ ಇಗರ್ಜಿಯ ಮೇಲೆ ಕುಳಿತದ್ದು ನಮ್ಮ ಜಿಲ್ಲೆಯ ಸೊಗಸುಗಳಲ್ಲೊಂದು. ಹಗುರವಾದ ಇಳಿಜಾರು ಹಂಚಿನ ಮಾಡು ಬಂದ ಮೇಲೆ ಕಮಾನು ಚಾವಣಿಯ, ಟೊಳ್ಳು ಗೋಡೆಯ ಲೆಕ್ಕವೇ ಬೇಕಾಗಲಿಲ್ಲ. ಮುಂಗೋಡೆಗೆ ಇಟಲಿಯ, ಆಮೇಲೆ ಗೋಥಿಕ್ ಮಾದರಿಯ ಚೂಪು ಕಮಾನುಗಳು ಬಂದವು. ಹಾಗಾಗಿ ಸಾಂತಾನದ ನೆಂಟರನ್ನು ಹುಡುಕುವವರು ನಮ್ಮ ಕರಾವಳಿಯಲ್ಲಿ ಕಟ್ಟಡಕ್ಕಿಂತ ಹೆಚ್ಚಾಗಿ ಮನೆತನಗಳನ್ನೂ ಹಬ್ಬದ ಕ್ರಮಗಳನ್ನೂ ಕಾಣುತ್ತಾರೆ.

ತಳಾವಲಿಯ ಇಂದಿನ ಪ್ರಶ್ನೆ ಬೇರೆ. 1961ರಲ್ಲಿ ಗೋವೆ ಬಿಡುಗಡೆಯಾದ ಮೇಲೆ ಬಂದ ಗೇಣಿ ಕಾಯಿದೆಗಳು ಉಳುವವನಿಗೆ ನ್ಯಾಯ ಕೊಟ್ಟವು. ಅದರ ಜೊತೆಗೆ ಕೊಮುನಿದಾದುಗಳ ಆದಾಯ ಬತ್ತಿತು. ಸುಣ್ಣಕ್ಕೆ ದುಡ್ಡು ಕೊಡುತ್ತಿದ್ದ ಗದ್ದೆ ಈಗ ಆ ಲೆಕ್ಕದಲ್ಲಿಲ್ಲ. ಹಳೆಯ ಇಗರ್ಜಿಗಳ ದುರಸ್ತಿಗೆ ಇಂದು ಸುಲಭವಾಗಿ ಸಿಗುವುದು ಸಿಮೆಂಟು ಮತ್ತು ಪ್ಲಾಸ್ಟಿಕ್ ಬಣ್ಣ. ಕೆಂಪು ಕಲ್ಲು ಒಳಗಿನ ತೇವವನ್ನು ಹೊರಕ್ಕೆ ಬಿಡಬೇಕು. ಸುಣ್ಣ ಅದಕ್ಕೆ ದಾರಿ ಕೊಡುತ್ತದೆ, ಸಿಮೆಂಟು ಕೊಡುವುದಿಲ್ಲ. ಸಿಮೆಂಟಿನ ಹಿಂದೆ ನೀರು ನಿಂತು, ಉಪ್ಪು ಕಟ್ಟಿ, ಕಲ್ಲು ಒಳಗೊಳಗೇ ಪುಡಿಯಾಗುತ್ತದೆ. ಗೊತ್ತಾಗುವ ಹೊತ್ತಿಗೆ ಚಿಪ್ಪಿನ ಅಲಂಕಾರ ಗಾರೆಯ ಸಮೇತ ಕಳಚಿ ಬಿದ್ದಿರುತ್ತದೆ. ಚಿಪ್ಪುಸುಣ್ಣ ಸುಡುವ ಭಟ್ಟಿಗಳು ಕಡಿಮೆಯಾಗಿವೆ, ಒದ್ದೆ ಗಾರೆಯಲ್ಲಿ ಕರಣೆ ಆಡಿಸುವ ಮೇಸ್ತ್ರಿಗಳು ಇನ್ನೂ ಕಡಿಮೆ. ಈ ಸಭೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವವರು ಇದ್ದೀರೆಂದು ಕೇಳಿದೆ. ಚಿಪ್ಪುಸುಣ್ಣದ ಗಾರೆಯನ್ನು ಎಷ್ಟು ದಿನ ಕೊಳೆಸಬೇಕು, ಮರಳು ಎಷ್ಟು, ಬೆಲ್ಲದ ನೀರು ಹಾಕಿದರೆ ಅದರ ಗುಣ ಹೇಗೆ ಬದಲಾಗುತ್ತದೆ, ಕೆಂಪು ಕಲ್ಲಿನ ಮೇಲೆ ಎಷ್ಟು ಮಳೆಗಾಲ ತಡೆಯುತ್ತದೆ ಎಂಬುದನ್ನು ನಿಮ್ಮ ಪ್ರಯೋಗಶಾಲೆಯಲ್ಲೇ ಪರೀಕ್ಷಿಸಬಹುದು. ಹಾಗೆ ಮಾಡಿದ ಫಲಿತಾಂಶ ತಳಾವಲಿಗೆ ಎಷ್ಟು ಬೇಕೋ ಫೋಂಡಾದ ದೇವಸ್ಥಾನಗಳಿಗೂ ನಮ್ಮ ಕರಾವಳಿಯ ಹಳೆಯ ಮನೆಗಳಿಗೂ ಅಷ್ಟೇ ಬೇಕು.